ಭಾರತ–ಫ್ರೆಂಚ್ ಜಲವಿಜ್ಞಾನ ಘಟಕ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಅಭಿವೃದ್ಧಿ ಸಂಶೋಧನ ಸಂಸ್ಥೆ (ಐಆರ್‌ಡಿ) ಸೇರಿ ನಡೆಸಿಕೊಂಡು ಬಂದಿರುವ ಜಂಟಿ ಪ್ರಯೋಗಾಲಯ. ಗಟ್ಟಿ ಬಂಡೆಯ ನೆಲದಲ್ಲಿ ಮಳೆನೀರು ಎಲ್ಲಿಗೆ ಹೋಗುತ್ತದೆ, ಎಷ್ಟು ಇಂಗುತ್ತದೆ, ಬೇಸಾಯ ಎಷ್ಟನ್ನು ಮೇಲೆತ್ತುತ್ತದೆ ಎಂಬುದು ಇದರ ಅಧ್ಯಯನದ ತಿರುಳು. ಟುಲೂಸ್ ವಿಶ್ವವಿದ್ಯಾಲಯದ ಪ್ರಯೋಗಾಲಯಗಳೂ ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿವೆ. ಬೆಂಗಳೂರಿನ ಕಡೆಯಿಂದ ಈ ಕೆಲಸವನ್ನು ಮುನ್ನಡೆಸಿದವರಲ್ಲಿ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಎಂ. ಶೇಖರ್, ಫ್ರಾನ್ಸಿನ ಕಡೆಯಿಂದ ಜಾನ್ ಜಾಕ್ ಬ್ರೋನ್, ಲೋರಾನ್ ರುಯಿಜ್, ಜಾನ್ ರಿಯೋತ್ ಪ್ರಮುಖರು.

ಒಂದೇ ಹೊಲ, ಒಂದೇ ಹಳ್ಳ, ಅವೇ ಬಾವಿಗಳು ಎರಡೂ ದೇಶದವರನ್ನು ಇಲ್ಲಿ ಕೂಡಿಸಿವೆ. ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಎರಡೂ ಕಡೆಯ ಮಾರ್ಗದರ್ಶಕರಿರುತ್ತಾರೆ. ಪಾಠದ ದೊಡ್ಡ ಪಾಲು ಗುಂಡ್ಲುಪೇಟೆ ತಾಲ್ಲೂಕಿನ ಊರುಗಳಲ್ಲಿ ನಡೆಯುತ್ತದೆ. ಹಣದ ನೆರವು ನೀಡಿದ ಸಂಸ್ಥೆಗಳಲ್ಲಿ 1987ರಲ್ಲಿ ಸ್ಥಾಪನೆಯಾದ, ಭಾರತ–ಫ್ರಾನ್ಸ್ ಜಂಟಿ ಸಂಶೋಧನೆಗಳನ್ನು ಪೋಷಿಸುವ ಸೆಫಿಪ್ರಾ ಕೂಡ ಒಂದು.

ಮೊದಲ ಕ್ಷೇತ್ರ ಮೂಲೆಹೊಳೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನೊಳಗೆ ಸುಮಾರು 4 ಚದರ ಕಿ.ಮೀ. ಹರವಿನ ಪುಟ್ಟ ಜಲಾನಯನ ಅದು. ಅಲ್ಲಿ 2003ರಿಂದ ಅಳತೆ ನಡೆದಿದೆ. ಉಳುಮೆಯಿಲ್ಲ, ಬೋರಿಲ್ಲ, ಗೊಬ್ಬರವಿಲ್ಲ. ಮನುಷ್ಯ ಕೈಹಾಕದ ನೆಲದಲ್ಲಿ ನೀರಿನ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಇದೇ ಅಳತೆಗೋಲು. ವರ್ಷಕ್ಕೆ ಸುಮಾರು 1,100 ಮಿ.ಮೀ. ಮಳೆ ಬಿದ್ದರೂ ಅದರ ಬಹುಪಾಲು ಮರಗಳ ಮೂಲಕ ಮತ್ತೆ ಗಾಳಿಗೆ ಸೇರುತ್ತದೆ. ಬೇರುಗಳು ಬಂಡೆಯ ಮೇಲಿನ ಶಿಥಿಲ ಪದರದ ಆಳಕ್ಕೆ ಇಳಿದು ಅಲ್ಲಿನ ತೇವವನ್ನೂ ಹೀರುತ್ತವೆ. ಹಾಗಾಗಿ ಒಳ್ಳೆಯ ಮಳೆಯಾದ ವರ್ಷವೂ ಅಂತರ್ಜಲ ತಕ್ಷಣ ಏರುವುದಿಲ್ಲ. ಒಣಗಿದ ಈ ಪದರ ಮೊದಲು ತನ್ನ ಪಾಲನ್ನು ತುಂಬಿಕೊಳ್ಳಬೇಕು.

ಕಾಡಿನ ಅಂಚು ದಾಟಿದರೆ ಎರಡನೆಯ ಕ್ಷೇತ್ರ ಬೇರಂಬಾಡಿ. 84 ಚದರ ಕಿ.ಮೀ. ವಿಸ್ತಾರದ ಇಲ್ಲಿ 2009ರಿಂದ ಅಧ್ಯಯನ ಸಾಗಿದೆ. ಅರಿಶಿನ, ಸೂರ್ಯಕಾಂತಿ, ಚೆಂಡುಹೂ, ಬಾಳೆ, ಬೆಳ್ಳುಳ್ಳಿ, ಹುರುಳಿ ಎಲ್ಲವೂ ಬೆಳೆಯುವ, ಬೋರನ್ನೇ ನೆಚ್ಚಿಕೊಂಡ ಊರುಗಳಿವು. ಇನ್ನೂರಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಕೆಲವು ಕಡೆ ನೈಟ್ರೇಟ್ ವಿಪರೀತವಾಗಿರುವುದು ಕಂಡಿತು. ಹೊಲಕ್ಕೆ ಹಾಕಿದ ಗೊಬ್ಬರ ನೀರಿನ ಜೊತೆ ಕೆಳಗಿಳಿಯುತ್ತದೆ. ಅದೇ ನೀರನ್ನು ಮತ್ತೆ ಮೇಲೆತ್ತಿ ಅದೇ ಹೊಲಕ್ಕೆ ಹಾಯಿಸುತ್ತಾರೆ. ಒಂದೊಂದು ಸುತ್ತಿಗೂ ಉಪ್ಪಿನಂಶ ಗಟ್ಟಿಯಾಗುತ್ತ ಹೋಗುತ್ತದೆ. ಅಂತರ್ಜಲ ಸವಳಾಗತೊಡಗಲು ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಕೂಡ ಕಾರಣವೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರೈತ ಚೀಲ ಲೆಕ್ಕದಲ್ಲಿ ಕೊಂಡು ತರುವ ಸಾಮಾನ್ಯ ಗೊಬ್ಬರದ ಮೇಲೆ ಬೆರಳಿಟ್ಟ ಈ ಶೋಧ ಘಟಕದ ಅತ್ಯಂತ ಬೆಲೆಯುಳ್ಳ ಕೆಲಸಗಳಲ್ಲಿ ಒಂದು. ಕೃಷಿ ಇಲಾಖೆಯ ಸಲಹೆಗಳಲ್ಲಿ ಇದಕ್ಕೆ ಜಾಗ ಸಿಗಬೇಕು.

ಬೇರಂಬಾಡಿಯ ಹೊಲಗಳಲ್ಲಿ ಅಳೆದ ಮಣ್ಣಿನ ತೇವಾಂಶವನ್ನು ಉಪಗ್ರಹಗಳ ಮಾಹಿತಿಯೊಂದಿಗೆ ತಾಳೆ ನೋಡುವ ಕೆಲಸವೂ ಆಗಿದೆ. ಇದೇ ದಿಕ್ಕಿನಲ್ಲಿ, ಭೂಮಿಯ ಮೇಲ್ಮೈ ತಾಪ ಅಳೆದು ಬೆಳೆಗಳ ನೀರಿನ ಬಳಕೆಯನ್ನು ಅಂದಾಜಿಸಲು ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ‘ತೃಷ್ಣಾ’ ಉಪಗ್ರಹವನ್ನು ಜಂಟಿಯಾಗಿ ರೂಪಿಸುತ್ತಿವೆ.

ಈ ಅಧ್ಯಯನಗಳ ತಿಳಿವಳಿಕೆ ಮೂಲೆಹೊಳೆ, ಬೇರಂಬಾಡಿಗಳಿರುವ ಕಬಿನಿ ಕೊಳ್ಳಕ್ಕೆ ಮಾತ್ರ ಸೀಮಿತವಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಸುತ್ತಲಿನ ನೆಲವೂ ಗಟ್ಟಿ ಬಂಡೆಯದೇ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕಿನ ಕೆರೆಗಳನ್ನು ದಾಟಿ ಹೆಸರಘಟ್ಟಕ್ಕೂ ಮುಂದೆ 1933ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ನೀರುಣಿಸಿ ಬೆಂಗಳೂರಿನ ದಾಹ ತಣಿಸಿದ್ದ ಹೊಳೆ. ಈಗ ಹೆಚ್ಚು ಕಾಲ ಅದರ ಪಾತ್ರ ಒಣಗಿರುತ್ತದೆ. ತಾಲ್ಲೂಕಿನ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಇಂಥ ನೆಲದಲ್ಲಿ ನೀರು ನಿಲ್ಲುವುದು ಮುಖ್ಯವಾಗಿ ಮೇಲಿನ ಶಿಥಿಲ ಪದರದಲ್ಲಿ. ಅದು ಬರಿದಾದ ಮೇಲೆ ಕೆಳಗೆ ಉಳಿಯುವುದು ಬಂಡೆಯ ಬಿರುಕುಗಳಲ್ಲಿನ ಅಲ್ಪ ನೀರು. ಆಳ ಹೆಚ್ಚಿದಂತೆ ಬಿರುಕುಗಳೂ ವಿರಳವಾಗುತ್ತವೆ. ಸಾವಿರ ಅಡಿ ಕೊರೆಸಿದರೂ ಒಂದಿಂಚು ನೀರು ಸಿಗದಿರಲು ಇದೇ ಕಾರಣ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ತುಂಬಿಸುವ ಯೋಜನೆಯ ಫಲವನ್ನು ತೂಗಲೂ ಬೇರಂಬಾಡಿಯ ರೀತಿಯೇ ಬೇಕು: ಕೆರೆಯ ಅಂಗಳದಲ್ಲಿ ನೀರು ನಿಂತದ್ದನ್ನು ನೋಡಿ ತೃಪ್ತಿಪಡದೆ, ಸುತ್ತಲಿನ ಅವೇ ಬೋರುಗಳ ಮಟ್ಟವನ್ನೂ ನೀರಿನ ಗುಣವನ್ನೂ ವರ್ಷಗಟ್ಟಲೆ ಅಳೆಯುವುದು.