ಧಾರವಾಡ ಸೀಮೆಯ ಗಾಯಕರ ಸಾಕ್ಷ್ಯಚಿತ್ರಗಳು

ಇಂದಿನ ಧಾರವಾಡ, ಗದಗ, ಬೆಳಗಾವಿ ಜಿಲ್ಲೆಗಳ ಊರುಗಳಲ್ಲಿ ಹುಟ್ಟಿ, ಹಿಂದೂಸ್ತಾನಿ ಸಂಗೀತದ ಶಿಖರವೇರಿದ ಗಾಯಕರನ್ನು ಕುರಿತು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ತಯಾರಾದ ಚಿತ್ರಗಳು. ಗುಲ್ಜಾರ್ ನಿರ್ದೇಶನದ ‘ಪಂಡಿತ್ ಭೀಮಸೇನ ಜೋಶಿ’ (1992), ಮಲ್ಲಿಕಾರ್ಜುನ ಮನ್ಸೂರರನ್ನು ಕುರಿತ ನಂದನ್ ಕುಧ್ಯಾಡಿಯವರ ‘ರಸಯಾತ್ರಾ’ (1994), ಕುಮಾರ ಗಂಧರ್ವರನ್ನು ಕುರಿತ ಜಬ್ಬಾರ್ ಪಟೇಲರ ‘ಹಂಸ ಅಕೇಲಾ’ ಮತ್ತು ಶಬನಂ ವಿರ್ಮಾನಿಯವರ ‘ಕೋಯಿ ಸುನತಾ ಹೈ’ (2008) ಇವುಗಳಲ್ಲಿ ಮುಖ್ಯವಾದವು. ಗಂಗೂಬಾಯಿ ಹಾನಗಲ್ ಅವರನ್ನು ಕುರಿತೂ ಫಿಲ್ಮ್ಸ್ ಡಿವಿಷನ್ ಸಾಕ್ಷ್ಯಚಿತ್ರ ತಯಾರಿಸಿದೆ. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಅಳತೆಯ ಸಿನಿಮಾದೊಳಗೆ ಹೇಗೆ ಹಿಡಿಯುವುದು ಎಂಬ ಪ್ರಶ್ನೆಗೆ ಈ ಚಿತ್ರಗಳು ಒಂದೊಂದೂ ಬೇರೆ ಬೇರೆ ಉತ್ತರ ಕೊಟ್ಟಿವೆ.

ಹಿನ್ನೆಲೆ

ಮೈಸೂರು ಅರಮನೆಗೆ ಹೋಗಿಬರುತ್ತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಕಿರಾಣಾ ಘರಾಣೆಯ ಗಾಯನ ಈ ಸೀಮೆಯಲ್ಲಿ ನೆಲೆಯೂರಿತು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರನ್ನು ಬೆಳೆಸಿದರು. ಧಾರವಾಡದ ಹತ್ತಿರದ ಮನ್ಸೂರ ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತರು. ಬಳಿಕ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಶಿಷ್ಯರಾದರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಎಂಬ ಬಾಲಕ ಚಿಕ್ಕಂದಿನಲ್ಲೇ ‘ಕುಮಾರ ಗಂಧರ್ವ’ ಎನಿಸಿಕೊಂಡು, ಮುಂಬಯಿಯ ಬಿ.ಆರ್. ದೇವಧರರಲ್ಲಿ ಅಭ್ಯಾಸ ಮಾಡಿದ.

ಈ ಗಾಯಕರ ದನಿ ಮೊದಲು ಉಳಿದದ್ದು ಗ್ರಾಮೊಫೋನ್ ತಟ್ಟೆಗಳಲ್ಲಿ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಸುತ್ತಿದ್ದ ಆ ತಟ್ಟೆಗಾಗಿ ಖ್ಯಾಲನ್ನು ಕುಗ್ಗಿಸಿ ಹಾಡಬೇಕಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಗಾಯಕರಿಗೆ ಹೆಚ್ಚು ಹೊತ್ತು ದೊರೆಯಿತು. ಮನ್ಸೂರರು ಆ ಕೇಂದ್ರದ ಸಂಗೀತ ಸಲಹೆಗಾರರೂ ಆಗಿದ್ದರು. ಆದರೆ ತಟ್ಟೆಯಾಗಲಿ ರೇಡಿಯೊ ಆಗಲಿ ಹಾಡುವವರ ಮುಖ, ಕೈ, ತಂಬೂರಿಯವರತ್ತ ಹೊರಳುವ ಕಣ್ಣು, ಸಮಕ್ಕೆ ಬಂದಾಗ ತಬಲಾದವರೊಂದಿಗೆ ಹಂಚಿಕೊಳ್ಳುವ ನಗು ಇವನ್ನು ತೋರಿಸಲಾರವು. ಸಾಕ್ಷ್ಯಚಿತ್ರಕ್ಕೆ ಉಳಿದಿದ್ದ ಕೆಲಸ ಇದೇ.

ಸಿನಿಮಾದತ್ತ ಮೊದಲ ಹೆಜ್ಜೆಗಳು

ಸಾಕ್ಷ್ಯಚಿತ್ರಕ್ಕೂ ಮೊದಲು ಕಥಾಚಿತ್ರ ಈ ಗಾಯನವನ್ನು ಕರೆಸಿಕೊಂಡಿತು. ಅ.ನ. ಕೃಷ್ಣರಾಯರ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ (1966) ಚಿತ್ರಕ್ಕೆ ಭೀಮಸೇನ ಜೋಶಿಯವರು ಹಾಡಿದರು. ಸಂಗೀತಗಾರನ ಬದುಕನ್ನೇ ಕಥೆಯಾಗಿಸಿಕೊಂಡ ಆ ಚಿತ್ರದಿಂದ ಖ್ಯಾಲ್ ಗಾಯಕರೊಬ್ಬರ ಕಂಠ ಕನ್ನಡದ ಸಾಮಾನ್ಯ ಪ್ರೇಕ್ಷಕರ ಮನೆಮಾತಾಯಿತು.

ಕೇಂದ್ರ ಸರ್ಕಾರ 1948ರಲ್ಲಿ ಸ್ಥಾಪಿಸಿದ ಫಿಲ್ಮ್ಸ್ ಡಿವಿಷನ್ ದೇಶದ ಕಲಾವಿದರನ್ನು ಕುರಿತು ಕಿರುಚಿತ್ರಗಳನ್ನು ಮಾಡತೊಡಗಿತು. ಚಿತ್ರಮಂದಿರದಲ್ಲಿ ಸಿನಿಮಾ ಶುರುವಾಗುವ ಮುನ್ನ ಅದರ ಚಿತ್ರಗಳನ್ನು ಕಡ್ಡಾಯವಾಗಿ ತೋರಿಸುತ್ತಿದ್ದ ಕಾಲದಲ್ಲಿ, ಮೈಫಿಲ್‌ನ ಮುಖವನ್ನೇ ಕಾಣದ ಊರುಗಳಿಗೂ ಸಂಗೀತಗಾರರು ತಲುಪಿದರು. ಧಾರವಾಡದ ನಂಟಿದ್ದ ಗಿರೀಶ ಕಾರ್ನಾಡರು ಹದಿನಾರನೆಯ ಶತಮಾನದ ಹರಿದಾಸರನ್ನು ಕುರಿತ ‘ಕನಕ ಪುರಂದರ’ (1988) ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ವರ್ಷ ಆಗಸ್ಟ್ 15ರಂದು ದೂರದರ್ಶನ ಬಿತ್ತರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಭೀಮಸೇನರ ದನಿಯಿಂದಲೇ ಆರಂಭವಾಯಿತು. ಕೆಲವೇ ಕ್ಷಣಗಳ ಆ ದೃಶ್ಯದಿಂದ ಅವರ ಮುಖ ದೇಶದ ಮನೆಮನೆಯಲ್ಲಿ ಗುರುತಾಯಿತು.

ಸಂಗೀತವನ್ನು ಚಿತ್ರೀಕರಿಸುವ ಬಗೆಯ ಬಗ್ಗೆ ಭಾರತದಲ್ಲಿ ಆಗಲೇ ಗಂಭೀರ ಪ್ರಯೋಗಗಳು ನಡೆದಿದ್ದವು. ಮಣಿ ಕೌಲ್ ಅವರ ‘ಧ್ರುಪದ್’ (1982) ಮತ್ತು ‘ಸಿದ್ಧೇಶ್ವರಿ’ (1989) ಚಿತ್ರಗಳು ಗಾಯಕರ ಜೀವನಚರಿತ್ರೆ ಹೇಳುವುದಕ್ಕಿಂತ ಸಂಗೀತದ ನಡೆಯನ್ನೇ ಸಿನಿಮಾದ ನಡೆಯಾಗಿಸಲು ಹೊರಟವು. ಧಾರವಾಡ ಸೀಮೆಯ ಗಾಯಕರ ಚಿತ್ರಗಳು ಬಂದದ್ದು ಈ ವಾತಾವರಣದಲ್ಲಿ.

ಭೀಮಸೇನ ಜೋಶಿ ಕುರಿತ ಚಿತ್ರ

ಕವಿ, ನಿರ್ದೇಶಕ ಗುಲ್ಜಾರ್ ಅವರು ಫಿಲ್ಮ್ಸ್ ಡಿವಿಷನ್‌ಗಾಗಿ ಈ ಚಿತ್ರ ಮಾಡಿದಾಗ ಜೋಶಿಯವರಿಗೆ (1922–2011) ಎಪ್ಪತ್ತರ ಪ್ರಾಯ. ದೇಶವೆಲ್ಲ ಸುತ್ತಿ ಹಾಡುತ್ತಿದ್ದರು. ಅವರ ಬದುಕಿನಲ್ಲೇ ಸಿನಿಮಾಕ್ಕೆ ಒಗ್ಗುವ ಕಥೆಯಿತ್ತು. ಹನ್ನೊಂದರ ಹುಡುಗ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟದ್ದು, ಟಿಕೆಟ್ಟಿಲ್ಲದೆ ರೈಲಿನಲ್ಲಿ ಹಾಡುತ್ತ ಸಾಗಿದ್ದು, ಗ್ವಾಲಿಯರ್, ಜಲಂಧರ್ ಅಲೆದು ಕೊನೆಗೆ ತನ್ನೂರಿನ ಪಕ್ಕದ ಕುಂದಗೋಳದಲ್ಲೇ ಸವಾಯಿ ಗಂಧರ್ವರನ್ನು ಗುರುವಾಗಿ ಪಡೆದದ್ದು, ಎಲ್ಲವೂ ಈಗ ಜನಜನಿತ. ಗಾಯಕರು ಬದುಕಿದ್ದಾಗಲೇ, ಗಂಟಲು ಕಸುವಿನಲ್ಲಿದ್ದಾಗಲೇ ಕ್ಯಾಮೆರಾ ಎದುರು ಬಂದದ್ದು ಈ ಚಿತ್ರದ ದೊಡ್ಡ ಭಾಗ್ಯ. ತಾನ್ ತೆಗೆಯುವಾಗ ಅವರ ಇಡೀ ದೇಹ ಅದರೊಂದಿಗೆ ತಿರುಗುತ್ತಿತ್ತು. ನೋಡದೆ ಬರಿದೇ ಕೇಳಿದವರಿಗೆ ಅವರ ಗಾಯನದ ಅರ್ಧ ದಕ್ಕಿದಂತೆ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ಪುಣೆಯಲ್ಲಿ ನಿಧನರಾದ ಮೇಲೆ ಈ ಚಿತ್ರ ಪರಿಚಯದ ಹಂತ ದಾಟಿ ಆಕರವಾಯಿತು.

‘ರಸಯಾತ್ರಾ’

ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ನೆನಪಿಸುವ ಹೆಸರಿನ ಈ ಚಿತ್ರಕ್ಕೆ 42ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥೇತರ ಚಿತ್ರದ ಗೌರವ ಸಂದಿತು. ಆ ಹೊತ್ತಿಗೆ ಮನ್ಸೂರರು ಇರಲಿಲ್ಲ. 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡಿದ್ದರು. ಅಪರೂಪದ ಜೋಡು ರಾಗಗಳು, ಎಡೆಬಿಡದೆ ಹರಿಯುವ ಲಯ, ಅದರೊಂದಿಗೇ ವಚನಗಾಯನದ ತನ್ಮಯತೆ ಅವರ ಹಾಡಿಕೆಯ ಗುಣ. ಸೀಮೆ ದಾಟಿ ಕೀರ್ತಿ ಪಡೆದರೂ ಧಾರವಾಡದ ‘ಮೃತ್ಯುಂಜಯ’ ಮನೆಯನ್ನು ಅವರು ಬಿಡಲಿಲ್ಲ. ಆ ಮನೆ ಈಗ ಸ್ಮಾರಕ. ಖ್ಯಾತಿಗಾಗಿ ಹೊರಗೆ ನೆಲೆಸಿದವರ ನಡುವೆ, ಊರಲ್ಲೇ ಇದ್ದುಕೊಂಡು ಎತ್ತರಕ್ಕೇರಿದವರ ಚಿತ್ರವೆಂಬುದೇ ‘ರಸಯಾತ್ರಾ’ದ ವಿಶೇಷ ತೂಕ.

ಕುಮಾರ ಗಂಧರ್ವ ಕುರಿತ ಎರಡು ಚಿತ್ರಗಳು

ಕ್ಷಯರೋಗಕ್ಕೆ ತುತ್ತಾದ ಕುಮಾರ ಗಂಧರ್ವರು 1948ರ ಜನವರಿಯಲ್ಲಿ ಮಾಳವದ ದೇವಾಸಕ್ಕೆ ಬಂದರು. ವರ್ಷಗಟ್ಟಲೆ ಹಾಸಿಗೆ ಹಿಡಿದು, ಹಾಡಬಾರದೆಂಬ ವೈದ್ಯರ ಮಾತಿಗೆ ಕಟ್ಟುಬಿದ್ದು, ಕಿಟಕಿಯಾಚೆಯ ಹಳ್ಳಿಗರ ಹಾಡು ಕೇಳಿದರು. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಗುಣವಾಗಿ 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಒಂದು ಶ್ವಾಸಕೋಶ ಸೋತಿತ್ತು. ಕಿರಿದಾದ ಉಸಿರಿನಿಂದಲೇ ಅವರು ಹೊಸ ಗಾಯನಶೈಲಿ ಕಟ್ಟಿದರು; ಮಾಳವದ ಜನಪದ ಧಾಟಿಗಳಿಂದ ಹೊಸ ರಾಗಗಳನ್ನು ಎತ್ತಿ ತಂದರು; ಕಬೀರನ ನಿರ್ಗುಣ ಪದಗಳಿಗೆ ಹೊಸ ಕಂಠವಾದರು. 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು.

‘ಸಾಮನಾ’, ‘ಉಂಬರಠಾ’ ಚಿತ್ರಗಳ ನಿರ್ದೇಶಕ ಜಬ್ಬಾರ್ ಪಟೇಲ್ ಫಿಲ್ಮ್ಸ್ ಡಿವಿಷನ್‌ಗಾಗಿ ಮಾಡಿದ ಚಿತ್ರಕ್ಕೆ ಕುಮಾರರು ಹಾಡಿ ಪ್ರಸಿದ್ಧಗೊಳಿಸಿದ ನಿರ್ಗುಣ ಪದದಿಂದಲೇ ‘ಹಂಸ ಅಕೇಲಾ’ ಎಂಬ ಹೆಸರು ಬಂದಿದೆ. ಶಬನಂ ವಿರ್ಮಾನಿಯವರ ದಾರಿ ಬೇರೆ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿದ್ದುಕೊಂಡು 2003ರಲ್ಲಿ ಅವರು ಆರಂಭಿಸಿದ ಕಬೀರ್ ಯೋಜನೆಯಿಂದ ನಾಲ್ಕು ಚಿತ್ರಗಳು ಬಂದವು. ಅವುಗಳಲ್ಲಿ ‘ಕೋಯಿ ಸುನತಾ ಹೈ’ ಕುಮಾರರ ಬದುಕನ್ನೂ ಮಾಳವದ ಜನಪದ ಗಾಯಕರ ಕಬೀರನನ್ನೂ ಒಟ್ಟಿಗೆ ಹೆಣೆಯುತ್ತದೆ. ಶಾಸ್ತ್ರೀಯ ಎಲ್ಲಿ ಮುಗಿಯುತ್ತದೆ, ಜನಪದ ಎಲ್ಲಿ ಶುರುವಾಗುತ್ತದೆ ಎಂದು ಅದು ಕೇಳುತ್ತದೆ. ತೀರಿಹೋದ ಗಾಯಕನನ್ನು ಹಳೆಯ ತುಣುಕುಗಳಲ್ಲಷ್ಟೇ ಹುಡುಕದೆ, ಅವನಿಗೆ ಹಾಡು ಕೊಟ್ಟ ಜನರ ಬಾಯಲ್ಲಿ ಹುಡುಕಿದ್ದು ಈ ಚಿತ್ರದ ಹೊಸತನ.

ಹೊರಗಿನ ಹೋಲಿಕೆ

ಇದೇ ಅವಧಿಯಲ್ಲಿ ಪಶ್ಚಿಮದ ರಾಕ್ ತಂಡಗಳ ಸಾಕ್ಷ್ಯಚಿತ್ರಗಳೂ ತೀರಿಹೋದ ಗಾಯಕರ ಸುತ್ತ ಬೆಳೆದವು. ಲಂಡನ್ನಿನ ‘ಕ್ವೀನ್’ ತಂಡದ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಕುಟುಂಬದವರು. ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. ಅವರು 1991ರ ನವೆಂಬರ್ 24ರಂದು ನಿಧನರಾದ ಬಳಿಕ ‘ದಿ ಅನ್‌ಟೋಲ್ಡ್ ಸ್ಟೋರಿ’ (2000), ಬಿಬಿಸಿಯ ‘ಡೇಸ್ ಆಫ್ ಅವರ್ ಲೈವ್ಸ್’ (2011) ಮೊದಲಾದ ಚಿತ್ರಗಳು ಬಂದವು. ಹತ್ತು ತಿಂಗಳೊಳಗೆ ಮರ್ಕ್ಯುರಿ, ಕುಮಾರ ಗಂಧರ್ವ, ಮನ್ಸೂರ ಮೂವರೂ ಮರೆಯಾದರು. ಆದರೆ ರಾಕ್ ತಂಡದ ಬೆನ್ನಿಗೆ 1985ರ ಲೈವ್ ಏಡ್‌ನಂಥ, ಹಲವು ಕ್ಯಾಮೆರಾಗಳಲ್ಲಿ ಸೆರೆಯಾದ ಕಛೇರಿಗಳ ಭಂಡಾರವಿತ್ತು. ಮನೆಯ ಪಡಸಾಲೆ, ದೇವಸ್ಥಾನ, ಅಹೋರಾತ್ರಿ ಬೈಠಕ್‌ಗಳಲ್ಲಿ ಹಾಡಿದ ನಮ್ಮವರ ಅತ್ಯುತ್ತಮ ಗಾಯನದ ಬಹುಪಾಲು ಕ್ಯಾಮೆರಾದ ಕಣ್ಣಿಗೆ ಬೀಳಲೇ ಇಲ್ಲ. ಅದಕ್ಕೇ ಈ ನಾಲ್ಕಾರು ಚಿತ್ರಗಳ ಬೆಲೆ ಇಷ್ಟು ದೊಡ್ಡದು.

ಮಹತ್ವ ಮತ್ತು ಕೊರತೆ

ಗುರುಗಳಿಂದ ಶಿಷ್ಯರಿಗೆ ಎದುರುಬದುರು ಕೂತು ಹರಿದುಬಂದ ವಿದ್ಯೆಯ ನಡೆ ಈ ಚಿತ್ರಗಳಿಂದ ಮುಂದಿನ ಪೀಳಿಗೆಗೆ ಕಾಣುವಂತಾಗಿದೆ. ಕೊರತೆಗಳೂ ಇವೆ. ನಿರ್ದೇಶಕರಲ್ಲಿ ಹೆಚ್ಚಿನವರು ಮುಂಬಯಿ, ಪುಣೆ ಕಡೆಯವರು. ಗಾಯಕರು ಮನೆಯಲ್ಲಿ, ಶಿಷ್ಯರೊಂದಿಗೆ ಆಡುತ್ತಿದ್ದ ಧಾರವಾಡದ ಕನ್ನಡಕ್ಕೆ ತೆರೆಯ ಮೇಲೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತ, ಜಾತಿ ಮತ್ತು ಹೆಣ್ಣುತನದ ಅಡೆತಡೆಗಳನ್ನು ದಾಟಿ ತೊಂಬತ್ತಾರು ವರ್ಷ ಬಾಳಿದ ಗಂಗೂಬಾಯಿಯವರ (1913–2009) ಕಥೆಗೆ ಕನ್ನಡದಲ್ಲೊಂದು ಪೂರ್ಣಪ್ರಮಾಣದ ಚಿತ್ರ ಸಲ್ಲಬೇಕು. ಒಂದು ರಾಗವನ್ನು ಆಲಾಪದಿಂದ ದ್ರುತದವರೆಗೆ ಮುರಿಯದೆ ಕೇಳಿಸುವ ಧೈರ್ಯವೂ ಜೀವನಚರಿತ್ರೆಯ ಚಿತ್ರಗಳಿಗೆ ಸುಲಭವಾಗಿ ಬರುವುದಿಲ್ಲ.

2022ರಲ್ಲಿ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡ ಮೇಲೆ ಅದರ ಹಳೆಯ ಚಿತ್ರಗಳ ಜೋಪಾನ ಇನ್ನೂ ಮುಖ್ಯವಾಗಿದೆ. ಈ ಚಿತ್ರಗಳಿಗೆ ಕನ್ನಡ ಅಡಿಬರಹ ಸೇರಿಸಿ, ಆಕಾಶವಾಣಿಯ ಪೂರ್ಣ ಧ್ವನಿಮುದ್ರಣಗಳೊಂದಿಗೆ ಒಂದೇ ಕಡೆ ವಿದ್ಯಾರ್ಥಿಗಳಿಗೆ ದೊರಕುವಂತೆ ಮಾಡಿದರೆ, ಸಿನಿಮಾ ಕತ್ತರಿಸಿದ ರಾಗವನ್ನು ರೇಡಿಯೊ ತುಂಬಿಕೊಡುತ್ತದೆ, ರೇಡಿಯೊ ಕಾಣಿಸದ ಗಾಯಕರನ್ನು ಸಿನಿಮಾ ಎದುರಿಗೆ ಕೂರಿಸುತ್ತದೆ. ಈ ಗಾಯಕರನ್ನು ಕಣ್ಣಾರೆ ಕಂಡು, ಅವರಿಂದ ಕಲಿತ ಶಿಷ್ಯರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಆಗಬೇಕು.