ಒಲಿಂಪಿಕ್ಸ್ ಬಾಗಿಲು ತೆರೆಯದ ಕಾಲದ ನಾಯಕಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ನೆಲೆಸಿರುವ ನಿಮ್ಮ ಮನೆಯ ಹಿರಿಯರು 1956ರ ನವೆಂಬರ್ 1ರ ಕುರಿತು ಹೇಳಿರಬಹುದು. ಅಂದು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನೆರೆಯ ತಾಂಡೂರು, ಕೊಡಂಗಲ್ ಮಾತ್ರ ಆಂಧ್ರದ ಪಾಲಾದವು. ಆ ಹೊಸ ರಾಜ್ಯದ ಹೆಸರನ್ನು ಧರಿಸಿ ಬೆಂಗಳೂರಿನ ಕುಕ್ ಟೌನ್‌ನ ಮೂವರು ಅಕ್ಕತಂಗಿಯರು 1960ರ ದಶಕದಲ್ಲಿ ಹಾಕಿ ಮೈದಾನಕ್ಕಿಳಿದರು: ಎಲ್ವೆರಾ, ರೀಟಾ ಮತ್ತು ಮೇ ಬ್ರಿಟ್ಟೊ. ಅವರ ಗೆಲುವು ನಿಮ್ಮ ಊರುಗಳ ಗೆಲುವೂ ಆಗಿತ್ತು. ಆ ಸುದ್ದಿ ಇತ್ತ ಎಷ್ಟು ಮನೆಗಳನ್ನು ತಲುಪಿತೋ ಬಲ್ಲವರಾರು!

ಎಲ್ವೆರಾ ಅವರ ನಾಯಕತ್ವದಲ್ಲಿ ರಾಜ್ಯ ತಂಡವು ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಸ್ಟ್ರೇಲಿಯಾ, ಶ್ರೀಲಂಕಾ, ಜಪಾನ್ ತಂಡಗಳ ವಿರುದ್ಧ ಅವರು ಭಾರತದ ಪರವಾಗಿ ಆಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಮಹಿಳಾ ಹಾಕಿಯಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದಿದ್ದವರು ಆನ್ ಲಮ್ಸ್‌ಡೆನ್ ಒಬ್ಬರೇ.

ಇಷ್ಟಾದರೂ ಒಲಿಂಪಿಕ್ಸ್ ಅವರಿಗೆ ದಕ್ಕಲಿಲ್ಲ. ಅದು ಪ್ರತಿಭೆಯ ಕೊರತೆಯಲ್ಲ. ಆ ಮಹಾಕೂಟದಲ್ಲಿ ಮಹಿಳೆಯರ ಹಾಕಿಯೇ ಇರಲಿಲ್ಲ. ಪುರುಷರದು ಮಾತ್ರ 1908ರಲ್ಲಿಯೇ ಪ್ರವೇಶ ಪಡೆದಿತ್ತು. ಹಲವು ಆಟಗಳಲ್ಲಿ ನಿಪುಣೆಯಾದವಳಿಗೆ ಬೇರೊಂದು ದಾರಿಯಿತ್ತು. ಬಾಂದ್ರಾದ ಮೇರಿ ಡಿಸೋಜ ಹಾಕಿಯಲ್ಲಿಯೂ ಓಟದಲ್ಲಿಯೂ ದೇಶವನ್ನು ಪ್ರತಿನಿಧಿಸಿದರು. 1952ರ ಹೆಲ್ಸಿಂಕಿಗೆ ಅವರನ್ನು ಕರೆದೊಯ್ದದ್ದು 100 ಮತ್ತು 200 ಮೀಟರ್ ಓಟ. ಎರಡು ವರ್ಷಗಳ ಬಳಿಕ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ಅವರೂ ಒಬ್ಬರು. ಹಾಕಿ ಆಟಗಾರ್ತಿ ಸ್ಟೆಫಿ ಡಿಸೋಜ ಅವರೂ 1964ರ ಟೋಕಿಯೊ ಸೇರಿದ್ದು ಓಟಗಾರ್ತಿಯಾಗಿಯೇ. ಹಾಕಿ ಕೋಲನ್ನೇ ನೆಚ್ಚಿಕೊಂಡ ಎಲ್ವೆರಾರಂಥವರು ಹೊಸ್ತಿಲಾಚೆಯೇ ಉಳಿದರು. ನನ್ನ ದೃಷ್ಟಿಯಲ್ಲಿ ಇದು ಆ ಪೀಳಿಗೆಗೆ ಆದ ಅನ್ಯಾಯ. ದಾಖಲೆಗಳ ಪಟ್ಟಿಯಲ್ಲಿ ಅನ್ಯಾಯಕ್ಕೊಂದು ಕಾಲಂ ಇರುವುದಿಲ್ಲ.

ಬಾಗಿಲು ತೆರೆದದ್ದು 1980ರಲ್ಲಿ, ಮಾಸ್ಕೊದಲ್ಲಿ. ಭಾರತದ ಮಹಿಳೆಯರು ನಾಲ್ಕನೆಯ ಸ್ಥಾನ ಪಡೆದರು. ಎಲ್ವೆರಾರಿಗೆ ಆಗ ನಲವತ್ತು ವರ್ಷ. ಆದರೂ ಅವರು ಆಟದಿಂದ ಮುಖ ತಿರುಗಿಸಲಿಲ್ಲ. ಆಯ್ಕೆಗಾರ್ತಿಯಾಗಿ, ತಂಡದ ಮ್ಯಾನೇಜರ್ ಆಗಿ, ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷೆಯಾಗಿ ಕಿರಿಯರ ಬೆನ್ನಿಗೆ ನಿಂತರು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಮತ್ತೆ ನಾಲ್ಕನೆಯವರಾಗಿ ನಿಂತಾಗ ದೇಶವೇ ದೂರದರ್ಶನದ ಮುಂದೆ ಕುಳಿತಿತ್ತು. ಮರುವರ್ಷ ಏಪ್ರಿಲ್ 26ರಂದು, 81ರ ವಯಸ್ಸಿನಲ್ಲಿ, ಎಲ್ವೆರಾ ಬೆಂಗಳೂರಿನಲ್ಲಿ ನಿಧನರಾದರು.