ಮಿಷನರಿಗಳು ಹೋದರು, ಸಭೆ ಉಳಿಯಿತು

ಒಂದು ಭಾನುವಾರ ನಮ್ಮ ದೇವದುರ್ಗದ ಚರ್ಚೊಂದಕ್ಕೆ ಹೋಗಿದ್ದೆ. ಒಳಗೆ ಕೂತವರು ಹೆಚ್ಚಾಗಿ ವಯಸ್ಸಾದವರು. "ಹುಡುಗರೆಲ್ಲಾ ಬೆಂಗಳೂರಿಗೆ ದುಡಿಯಾಕ ಹೋಗ್ಯಾರ. ಹಿಂಗಾದ್ರ ಈ ಸಭೆ ಇನ್ನೆಷ್ಟು ವರ್ಷ ನಡೀತದ?" ಅಂದ್ರು ಒಬ್ಬ ಅಜ್ಜ.

ಇಂಥದೇ ಪ್ರಶ್ನೆ ನೂರು ವರ್ಷದ ಹಿಂದೆ ಮಂಗಳೂರಿನಲ್ಲೂ ಎದ್ದಿತ್ತು.

ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಎಷ್ಟೋ ಸಲ ಮನೆತನ, ಜಾತಿ, ಕುಲಕಸುಬು ಮೂರೂ ಕೈತಪ್ಪುತ್ತಿದ್ದವು. ಅವರಿಗೆ ಕೆಲಸ ಬೇಕಲ್ಲ? ಮಿಷನ್ ಮುದ್ರಣಾಲಯ, ನೇಯ್ಗೆ ಶುರು ಮಾಡಿತು; 1865ರಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. ಸಂಬಳ, ಶಾಲೆ, ಬೋಧನೆ ಎಲ್ಲಾ ಒಂದೇ ಕಡೆಯಿಂದ.

1914ರಲ್ಲಿ ಮಹಾಯುದ್ಧ. ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನ ಶಿಬಿರಕ್ಕೆ ಕಳಿಸಿತು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ನಾನು ಬಿ.ಕಾಂ ಓದಿದವನು. ನನ್ನ ಲೆಕ್ಕದ ಪ್ರಕಾರ ಅಲ್ಲಿಗೆ ಖಾತೆ ಮುಗೀಬೇಕಿತ್ತು.

ಮುಗೀಲಿಲ್ಲ. ಖಾತೆಯಲ್ಲಿ ಬರೆಯದ ಆಸ್ತಿ ಒಂದಿತ್ತು: ಕನ್ನಡದಲ್ಲೇ ಓದೋ, ಹಾಡೋ, ಪ್ರಾರ್ಥಿಸೋ ಜನ. ಊರಿನ ಬೋಧಕರು, ಹಿರಿಯರು ಭಾರ ಹೊತ್ತರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಮಿಷನ್ ಕಟ್ಟಿದ್ದ ಸಭೆಗಳಲ್ಲಿ ಕೆಲವು ಆಗಲೇ ಅದರೊಳಗೆ ಸೇರಿದವು, ಕೆಲವು ಆಮೇಲೆ.

ಹಾಗಂತ ಆ ಕಷ್ಟ ಸಣ್ಣದಲ್ಲ. ಆದ್ರೆ ಹಣ, ಆಡಳಿತ ಎರಡೂ ಹೋದ ಮೇಲೂ ಸಭೆ ಉಳೀತು ಅನ್ನೋದು ನಿಜ.

ಇದನ್ನ ಅಜ್ಜನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಹಂಗಾದ್ರ ಹುಡುಗರು ಬರಲಿಲ್ಲ ಅಂತ ಕೂಡೋದಲ್ಲ. ಇದ್ದಲ್ಲೇ ಪ್ರಾರ್ಥನೆ ಬಿಡಬ್ಯಾಡ್ರಿ ಅಂತ ಫೋನ್ ಹಚ್ಚಬೇಕು."